ಭೀಮಾತೀರದ ಅಪರಾಧ ಕಥನ: ‘ನಾನು’ ಮತ್ತು ‘ಅವನು’

ಭೂಗತಲೋಕದ ಆತ್ಮಕಥನಕ್ಕೆ ಕನ್ನಡದ ಪ್ರಮುಖ ನಿದರ್ಶನ ಬೆಂಗಳೂರಿನದು. ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ 2007ರ ‘ಆ ದಿನಗಳು’ ಚಿತ್ರಕ್ಕೂ ಆಕರವಾಯಿತು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಸ್ಥಿತಿ ಬೇರೆ. ಇಂಡಿ-ಸಿಂದಗಿಗಳ ಹಗೆಯ ಹತ್ಯೆಗಳು ರವಿ ಬೆಳಗೆರೆಯವರ ‘ಭೀಮಾ ತೀರದ ಹಂತಕರು’ ಕೃತಿಯಲ್ಲಿ ಪತ್ರಕರ್ತನ ನಿರೂಪಣೆಯಾಗಿಯೂ 2012ರ ‘ಭೀಮಾ ತೀರದಲ್ಲಿ’ ಚಿತ್ರದಲ್ಲಿ ನಾಯಕನ ಕಥೆಯಾಗಿಯೂ ಪ್ರಸಿದ್ಧವಾದವು. ಎರಡರಲ್ಲಿಯೂ ಅಪರಾಧಿಯು ‘ಅವನು’.

ಇದಕ್ಕೆ ಅಕ್ಷರದ ಅಭಾವವೊಂದನ್ನೇ ಕಾರಣವೆನ್ನಲಾಗದು. ಆತ್ಮಕಥೆ ಬರೆಯಲು ಬದುಕುಳಿದಿರಬೇಕು, ಹಗೆಯಿಂದ ಹೊರಬಂದಿರಬೇಕು. ನಗರದಲ್ಲಿ ಬಡಾವಣೆ ಬದಲಿಸಬಹುದು, ಪತ್ರಿಕೆ ನಡೆಸಬಹುದು. ಮನೆತನಗಳ ಹಗೆಯಲ್ಲಿ ಹೊಲವೂ ಎದುರಾಳಿಯ ಮನೆಯೂ ಇದ್ದಲ್ಲಿಯೇ ಇರುತ್ತವೆ. ಬರೆದ ಮಾತು ಸಾಕ್ಷ್ಯವಾಗುತ್ತದೆ, ಮತ್ತೊಂದು ಹಗೆಗೆ ಕಿಡಿಯೂ ಆದೀತು.

ಮೇಲಾಗಿ, ಬಂಡುಕೋರನ ಚರಿತ್ರೆಯನ್ನು ಲಾವಣಿಕಾರನೇ ಹಾಡುವುದು ಈ ಭಾಗದ ರೂಢಿ. ಗಡಿಯಾಚೆಯ ಜತ್ತ ತಾಲೂಕಿನ ಸಿಂಧೂರ ಲಕ್ಷ್ಮಣ ಜನಮನದಲ್ಲಿ ಉಳಿದದ್ದು ಹಾಡು, ನಾಟಕಗಳಿಂದ. ಆದರೆ ಆ ಅಚ್ಚಿನಲ್ಲಿ ಭೀಮಾತೀರದ ಹಂತಕನನ್ನು ಎರಕ ಹೊಯ್ಯುವುದು ಸಲ್ಲದು. ಲಕ್ಷ್ಮಣನ ಎದುರಿಗಿದ್ದುದು ವಸಾಹತು ಆಡಳಿತ. ಇವನ ಎದುರಿಗಿದ್ದುದು ನೆರೆಮನೆ.

ಅಪರಾಧಿಯ ‘ನಾನು’ ಈ ಸೀಮೆಗೆ ತೀರ ಅಪರಿಚಿತವೂ ಅಲ್ಲ. ಮುಂದೆ ಮುದ್ದೇಬಿಹಾಳದ ನೆರೆಯ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, 1839ರಲ್ಲಿ ಪ್ರಕಟಿಸಿದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯಲ್ಲಿ ಅಮೀರ ಅಲಿ ಎಂಬ ಠಕ್ಕನ ಬಾಯಿಂದಲೇ ಕಥೆ ಹೇಳಿಸಿದ್ದನು. ಆ ‘ನಾನು’ ನುಡಿಯುವುದು ಮಾತ್ರ ಆಂಗ್ಲ ಅಧಿಕಾರಿಯ ಎದುರು, ಬಂದಿಯಾಗಿ.