ಕಾಗದ ಇದ್ದವರ ಹಡಗು, ಇಲ್ಲದವರ ದೋಣಿ

ಮಂಡ್ಯ ಜಿಲ್ಲೆಗೆ ಕಡಲಿಲ್ಲ. ಮದ್ದೂರು, ಮಳವಳ್ಳಿಯವರಿಗೆ ನೀರು ಅಂದರೆ ಕಾವೇರಿ, ಶಿಂಷಾ, ವಿ.ಸಿ. ನಾಲೆ. ಆದರೆ ಮಳವಳ್ಳಿಯಿಂದ ಶಿವನಸಮುದ್ರದ ಬಳಿ ಹೊಳೆ ದಾಟಿ, ಕೊಳ್ಳೇಗಾಲದ ಆಚೆಗೆ ಹೋದರೆ ಸಿಗುವ ಒಡೆಯರಪಾಳ್ಯದಲ್ಲಿ ಟಿಬೆಟಿನವರು ಮುಸುಕಿನ ಜೋಳ ಬೆಳೆಯುತ್ತಾರೆ. ಆಶ್ರಯ ಕೇಳಿ ಬಂದವರಿಗೆ ಸರ್ಕಾರವೇ ದಾರಿ ಮಾಡಿಕೊಟ್ಟರೆ ಏನಾದೀತು ಎಂಬ ಇವತ್ತಿನ ಚರ್ಚೆಗೆ ನಮ್ಮ ನೆರೆಯಲ್ಲೇ ಅರ್ಧ ಶತಮಾನದ ಉತ್ತರವಿದೆ.

ಟಿಬೆಟಿನವರಿಗೆ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿ ಸಿಕ್ಕಿದ್ದು 1960ರಲ್ಲಿ. ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ನೆಲೆಗಳು ಆಮೇಲಿನವು. ಇದೆಲ್ಲ ನಡೆದದ್ದು ಸರ್ಕಾರಿ ಆದೇಶದ ಮೇಲೆ. ನಿರಾಶ್ರಿತರಿಗೆಂದೇ ಒಂದು ಕಾನೂನು ಆಗ ಇರಲಿಲ್ಲ, ಈಗಲೂ ಇಲ್ಲ. ನಿರಾಶ್ರಿತರ ಕುರಿತ 1951ರ ಜಿನೀವಾ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ.

ಕಡಲ ದಾರಿಯ ಕತೆ ಬೇರೆ. ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಟೀ ತೋಟದ ತಮಿಳರನ್ನು ಅಲ್ಲಿನ 1948ರ ಪೌರತ್ವ ಕಾಯ್ದೆ ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಎರಡೂ ದೇಶಗಳ ಪ್ರಧಾನಿಗಳಾದ ಶಾಸ್ತ್ರಿ ಮತ್ತು ಸಿರಿಮಾವೋ ಕೂತು ತಲೆ ಎಣಿಸಿದರು: 5.25 ಲಕ್ಷ ಭಾರತಕ್ಕೆ, 3 ಲಕ್ಷ ಅಲ್ಲಿಗೆ, ಮಿಕ್ಕ ಒಂದೂವರೆ ಲಕ್ಷದ ಮಾತು ಆಮೇಲೆ. ದನದ ಸಂತೆಯಲ್ಲೂ ಇಷ್ಟು ಸಲೀಸಾಗಿ ವ್ಯಾಪಾರ ಕುದುರುವುದಿಲ್ಲ. ಆ ಜನರನ್ನು ಯಾರೂ ಕೇಳಲಿಲ್ಲ. ಆದರೂ ಅವರು ತಲೈಮನ್ನಾರಿನಲ್ಲಿ ಕಾಗದ ತೋರಿಸಿ ಹಗಲಲ್ಲೇ ಹಡಗು ಹತ್ತಿದರು, ರಾಮೇಶ್ವರದಲ್ಲಿ ಇಳಿದರು, ಮಂಡಪಂ ಶಿಬಿರದಲ್ಲಿ ಹೆಸರು ಬರೆಸಿದರು. ಒಂದಷ್ಟು ಕುಟುಂಬಗಳು ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟ ಸೇರಿದವು. ಆ ದಾರಿಯಲ್ಲಿ ನ್ಯಾಯ ಕಮ್ಮಿ ಇತ್ತು, ಜೀವಭಯ ಇರಲಿಲ್ಲ. ಇವೆರಡನ್ನೂ ಒಂದೇ ಎಂದುಕೊಳ್ಳಬಾರದು.

ಶ್ರೀಲಂಕಾದಲ್ಲಿ 1983ರ ತಮಿಳು ವಿರೋಧಿ ಗಲಭೆಯ ನಂತರ ಯುದ್ಧ ಹತ್ತಿಕೊಂಡು ಹಡಗು ನಿಂತಿತು. ಜನ ನಿಲ್ಲಲಿಲ್ಲ, ಅದೇ ಜಲಸಂಧಿಯನ್ನು ರಾತ್ರಿ ಹೊತ್ತು ಮೀನುದೋಣಿಯಲ್ಲಿ ದಾಟತೊಡಗಿದರು. 2021ರ ಜೂನ್‌ನಲ್ಲಿ ಮಂಗಳೂರು ಪೊಲೀಸರ ಕೈಗೆ 38 ಮಂದಿ ಶ್ರೀಲಂಕನ್ನರು ಸಿಕ್ಕರು. ಕೆನಡಾಕ್ಕೆ ಕಳಿಸುತ್ತೇವೆಂದು ದಲ್ಲಾಳಿಗಳು ಹಣ ಪಡೆದು, ದೋಣಿಯಲ್ಲಿ ತೂತ್ತುಕುಡಿಗೆ ತಂದು, ಬೆಂಗಳೂರಿನ ಮೂಲಕ ಮಂಗಳೂರಿಗೆ ಮುಟ್ಟಿಸಿದ್ದರು. ಅವರಲ್ಲಿ ಯಾರು ಜೀವಕ್ಕೆ ಹೆದರಿ ಓಡಿಬಂದವರು, ಯಾರು ಕೂಲಿ ಹುಡುಕಿ ಹೊರಟವರು? ಕೇಳಿ ವಿಂಗಡಿಸುವ ಕಾನೂನೇ ನಮ್ಮಲ್ಲಿಲ್ಲ.

ಆಶ್ರಯ ಕೇಳುವವರಿಗೆ ಕಾನೂನಿನ ದಾರಿ ತೆರೆಯುವ ಪ್ರಯೋಗ ಜಗತ್ತಿನಲ್ಲಿ ಹೊಸದಲ್ಲ. ವಿಯೆಟ್ನಾಂ ಬಿಟ್ಟು ಓಡುವವರ ದೋಣಿಗಳು ಮುಳುಗುತ್ತಿದ್ದಾಗ 1979ರಲ್ಲಿ ವಿಶ್ವಸಂಸ್ಥೆ ಕ್ರಮಬದ್ಧ ನಿರ್ಗಮನದ ಯೋಜನೆ ತಂದಿತು. ಐದು ಲಕ್ಷಕ್ಕೂ ಹೆಚ್ಚು ಮಂದಿ ವೀಸಾ ಹಿಡಿದು ವಿಮಾನದಲ್ಲಿ ಹೋದರು. 2016ರಿಂದ ಇಟಲಿಯ ಚರ್ಚುಗಳು ಲೆಬನಾನಿನಿಂದ ಹೀಗೆಯೇ ಜನರನ್ನು ಕರೆಸಿಕೊಳ್ಳುತ್ತಿವೆ, ಸಣ್ಣ ಸಂಖ್ಯೆಯಲ್ಲಿ. 2022ರಲ್ಲಿ 45 ಸಾವಿರಕ್ಕೂ ಹೆಚ್ಚು ಮಂದಿ ರಬ್ಬರ್ ದೋಣಿಯಲ್ಲಿ ಇಂಗ್ಲಿಷ್ ಕಾಲುವೆ ದಾಟಿದರು. ಅದೇ ವರ್ಷ ಬ್ರಿಟನ್ನಿನ ವೀಸಾ ಸಿಕ್ಕ ಉಕ್ರೇನಿನವರು ಆ ದೋಣಿಗಳಲ್ಲಿ ಕಂಡದ್ದು ಅಪರೂಪ. ಕಾಯಂ ದಾರಿ ತೆರೆದರೆ ಸರತಿ ಬೆಳೆಯುತ್ತದೆ, ಸರತಿಯಲ್ಲಿ ಹಿಂದೆ ಉಳಿದವನು ದೋಣಿ ಹತ್ತಿಯೇ ಹತ್ತುತ್ತಾನೆ ಎಂಬ ಆಕ್ಷೇಪ ಪೊಳ್ಳಲ್ಲ. ದಾರಿ ಮುಚ್ಚಿದರೆ ದಲ್ಲಾಳಿಗೆ ಸುಗ್ಗಿ ಎಂಬುದಂತೂ ಕಣ್ಣೆದುರಿಗಿದೆ.

ನಮ್ಮಲ್ಲಿ ನ್ಯಾಯಾಲಯಗಳು ಅಲ್ಲಲ್ಲಿ ಬಾಗಿಲು ಸರಿಸಿವೆ. 1950ರ ಜನವರಿ 26ರಿಂದ 1987ರ ಜೂನ್‌ವರೆಗೆ ಇಲ್ಲಿ ಹುಟ್ಟಿದ ಟಿಬೆಟಿನವರು ಭಾರತೀಯರೇ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. 2025ರಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂತು. ಹೆಸರು ನೋಂದಾಯಿಸಿದ ಶ್ರೀಲಂಕಾ ತಮಿಳರಿಗೆ ಅದರ ಶಿಕ್ಷೆಯಿಂದ ವಿನಾಯಿತಿಯೂ ಸಿಕ್ಕಿತು, 2015ರ ಜನವರಿ 9ರವರೆಗೆ ಬಂದವರಿಗೆ ಮಾತ್ರ. ಮಂಗಳೂರಿನಲ್ಲಿ ಸಿಕ್ಕವರು ಬಂದದ್ದು ಆರು ವರ್ಷ ತಡವಾಗಿ.