ವೇದಾವತಿಯ ಕಣಿವೆಯ ಗರಸುದಾರಿಗಳು

ಬಾಬಾಬುಡನ್ ಗಿರಿಯಲ್ಲಿ ಹುಟ್ಟುವ ವೇದಾ, ಅವತಿ ಎಂಬ ಹೊಳೆಗಳು ಕಡೂರಿನ ಸಮೀಪದಲ್ಲಿ ಕೂಡಿ ವೇದಾವತಿಯೆನಿಸಿ, ಹೊಸದುರ್ಗದ ಸೀಮೆಯನ್ನು ಹಾದು, ಗುಡ್ಡಗಳ ಸಾಲನ್ನು ಒಂದು ಇಕ್ಕಟ್ಟಿನಲ್ಲಿ ಭೇದಿಸಿ ಹಿರಿಯೂರಿನ ಬಯಲಿಗೆ ಇಳಿಯುವುವು. ಆ ಇಕ್ಕಟ್ಟೇ ಮಾರಿಕಣಿವೆ. ಕಣಿವೆಮಾರಮ್ಮನ ಗುಡಿಯಿಂದ ಬಂದ ಹೆಸರು.

ಈ ನಾಡಿಗೆ ದೂರದ ಸಂಚಾರವು ಹೊಸತಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಕ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ದೊರೆತಿವೆ. ಅವು ಹಾರಿ ಬಂದವಲ್ಲವಷ್ಟೆ! ಯಾವನೋ ವರ್ತಕನ ಹೇರಿನಲ್ಲಿ ಹಾದಿ ಸವೆಸಿಯೇ ಬಂದಿರಬೇಕು. ಮಳೆಗಾಲದಲ್ಲಿ ಎರೆಯ ನೆಲವು ಗಾಲಿಯನ್ನು ಹಿಡಿದು ನಿಲ್ಲಿಸುವುದು; ಕೆಂಪು ಗರಸಿನ ಮೇಲೆ ನೀರು ನಿಲ್ಲದು. ಆದುದರಿಂದ ಬಂಡಿಯವರಿಗೆ ಹತ್ತಿರದ ಹೊಲಕ್ಕಿಂತ ಸುತ್ತಿನ ದಿಣ್ಣೆಯೇ ಲೇಸು.

1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣೀವಿಲಾಸಸಾಗರದ ಕಟ್ಟೆಯು ಮಾರಿಕಣಿವೆಯ ಬಾಯನ್ನು ಮುಚ್ಚಿತು. ಹಿರಿಯೂರಿನ ಗದ್ದೆ ತೋಟಗಳಿಗೆ ನೀರು ದೊರೆಯಿತು. ಮೇಲ್ಗಡೆಯ ಹೊಲಗಳೂ ಊರುಗಳೂ ಅವುಗಳ ಹಾದಿಗಳೂ ನೀರಿನ ಪಾಲಾದವು. ಮೊದಲನೆಯದನ್ನು ಎಲ್ಲರೂ ಬರೆದಿದ್ದಾರೆ, ಎರಡನೆಯದನ್ನು ಬರೆದವರು ವಿರಳ. 1933ರಲ್ಲಿ ಕೋಡಿಬಿದ್ದ ಜಲಾಶಯವು ಮತ್ತೆ ಕೋಡಿಬಿದ್ದುದು 2022ರಲ್ಲಿ. ನಡುವಣ 89 ವರ್ಷ ಅಂಚಿನ ನೆಲವನ್ನು ನಂಬಿ ತೋಟ ಮಾಡಿದವರ ಬೇಲಿಯೊಳಕ್ಕೆ ಆ ವರ್ಷ ಹಿನ್ನೀರು ನುಗ್ಗಿತು.

ಈಚೆಗೆ ಡಾಮರು ಹೆದ್ದಾರಿಯನ್ನು ತೊರೆದು, ಜೋಗಿಮಟ್ಟಿಯ ಮಗ್ಗುಲಲ್ಲಿಯೂ ಹೊಳಲ್ಕೆರೆಯಿಂದ ಹೊಸದುರ್ಗದ ಕಡೆಗೂ ಬೈಸಿಕಲ್ಲಿನಲ್ಲಿ ಗರಸುದಾರಿ ಹಿಡಿಯುವವರು ಅದೇ ದಿಣ್ಣೆಗಳನ್ನು ಏರಿಳಿಯುತ್ತಾರೆ. ಒಮ್ಮೊಮ್ಮೆ ದಾರಿಯು ಹಿನ್ನೀರಿನ ಅಂಚಿಗೆ ಬಂದು ನೀರೊಳಗೇ ಇಳಿದುಹೋಗುವುದು. ಬೈಸಿಕಲ್ಲು ಅಲ್ಲಿಂದ ಹಿಂದಿರುಗಬೇಕು. ಬಂಡಿಯು ನೆಟ್ಟಗೆ ಮುಂದಕ್ಕೆ ಹೋಗುತ್ತಿದ್ದಿತು.