ವಾತಾಪಿ ಯಾರದು?

ಮಗುವಿಗೆ ಉಣಿಸಿ ಹೊಟ್ಟೆ ಸವರುತ್ತ ‘ವಾತಾಪಿ ಜೀರ್ಣೋ ಭವ’ ಅನ್ನೋದನ್ನು ನೀವೂ ಕೇಳಿರ್ತೀರಿ. ಮಹಾಭಾರತದಲ್ಲಿ ಟಗರಿನ ರೂಪ ತಾಳಿ ಅಗಸ್ತ್ಯನ ಹೊಟ್ಟೆಯಲ್ಲೇ ಕರಗಿಹೋದ ಅಸುರ ಈ ವಾತಾಪಿ. ನಮ್ಮ ಬಾದಾಮಿಯ ಹಳೇ ಹೆಸರೂ ಅದೇ. ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿದ್ದನ್ನು ಕ್ರಿ.ಶ. 543ರ ಬಂಡೆ ಶಾಸನ ಹೇಳುತ್ತೆ.

ಪ್ರೋಗ್ರಾಮಿಂಗ್ ಕ್ಲಾಸಲ್ಲಿ ಒಂದೇ ಹೆಸರನ್ನು ಎರಡು ಸಲ ಇಟ್ಟರೆ ಎರರ್ ಬರ್ತಿತ್ತು. ಇತಿಹಾಸಕ್ಕೆ ಆ ತಕರಾರಿಲ್ಲ. ಸುಮಾರು 642ರಲ್ಲಿ ಪಲ್ಲವರ ಒಂದನೇ ನರಸಿಂಹವರ್ಮ ಊರು ಗೆದ್ದು ‘ವಾತಾಪಿಕೊಂಡ’ನಾದ. ಸೋತವರ ರಾಜಧಾನಿ ಗೆದ್ದವನ ಬಿರುದಾಯ್ತು. ಮುಂದೆ ಒಂದನೇ ವಿಕ್ರಮಾದಿತ್ಯ ಊರನ್ನು ಮರಳಿ ಪಡೆದ, ಬಿರುದನ್ನಲ್ಲ. ಮುತ್ತುಸ್ವಾಮಿ ದೀಕ್ಷಿತರು ಹಂಸಧ್ವನಿಯಲ್ಲಿ ಹಾಡಿದ ವಾತಾಪಿ ಗಣಪತಿಯೂ ಆ ಯುದ್ಧದಲ್ಲಿ ಬಾದಾಮಿಯಿಂದ ಹೋದವನು ಅನ್ನೋದು ತಮಿಳುನಾಡಿನ ಐತಿಹ್ಯ.

‘ನಮ್ಮ ಗಣಪತಿ ಕದ್ದರು’ ಅನ್ನೋ ಪೋಸ್ಟ್ ಕಂಡಾಗ ನನಗೆ ಎರಡು ಕಲ್ಲು ನೆನಪಾಗ್ತವೆ. ನರಸಿಂಹವರ್ಮನ ಶಾಸನ ಇವತ್ತಿಗೂ ಬಾದಾಮಿಯ ಬಂಡೆ ಮೇಲಿದೆ, ಯಾರೂ ಕೆತ್ತಿ ಅಳಿಸಿಲ್ಲ. ಎಂಟನೇ ಶತಮಾನದಲ್ಲಿ ಕಂಚಿಯನ್ನು ಗೆದ್ದ ಚಾಲುಕ್ಯ ಎರಡನೇ ವಿಕ್ರಮಾದಿತ್ಯನ ಶಾಸನ ಅಲ್ಲಿನ ಕೈಲಾಸನಾಥ ಗುಡಿಯ ಕಂಬದಲ್ಲಿದೆ. ಕನ್ನಡದಲ್ಲಿ. ಗುಡಿಯ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಮರಳಿ ಕೊಟ್ಟ ಅಂತ ಅದರಲ್ಲಿದೆ.